ಕುಡಿತ ಬಿಟ್ಟ ಮೇಲೆ ‘ಅಪರೂಪಕ್ಕೆ ಒಂದು ಪೆಗ್’ ಸಾಧ್ಯವೇ?

ಮದುವೆಯ ಹಿಂದಿನ ರಾತ್ರಿ, ಕಾಪು ಕಡೆಯ ಒಂದು ಮನೆಯ ಅಂಗಳದಲ್ಲಿ ಮೆಹಂದಿ ಎಂದು ಊಹಿಸಿಕೊಳ್ಳಿ. ಒಂದು ಕಡೆ ಡಿಜೆ, ಇನ್ನೊಂದು ಕಡೆ ಕೋಳಿ ಸುಕ್ಕ, ಹಿತ್ತಲಲ್ಲಿ ಬಾಟಲಿ. ಕುಡಿತ ಬಿಟ್ಟು ಎಂಟು ತಿಂಗಳಾದವನ ಕೈಗೆ ಗೆಳೆಯ ಗ್ಲಾಸು ಕೊಡುತ್ತಾನೆ: ‘ಎಂಟು ತಿಂಗಳು ಬಿಟ್ಟವನಿಗೆ ಈಗ ಕಂಟ್ರೋಲ್ ಉಂಟಲ್ಲ ಮಾರಾಯ, ಒಂದೇ ಒಂದು ಪೆಗ್ ತಕೋ, ಎಂತ ಆಗುದಿಲ್ಲ.’

ಇದೇ ಮಾತು ವಾಟ್ಸಾಪಿನಲ್ಲಿ ಬೇರೆ ಬೇರೆ ವೇಷದಲ್ಲಿ ತಿರುಗುತ್ತದೆ. ‘ಆರು ತಿಂಗಳು ಬಿಟ್ಟರೆ ದೇಹ ಮೊದಲಿನಂತಾಗುತ್ತದೆ, ಮತ್ತೆ ಮಿತವಾಗಿ ಕುಡಿಯಬಹುದು’ ಎಂದು ಒಂದು ಫಾರ್ವರ್ಡ್. ‘ಒಂದು ಹನಿ ಮುಟ್ಟಿದರೂ ಎಲ್ಲ ಮುಗಿಯಿತು’ ಎಂದು ಇನ್ನೊಂದು. ಎರಡರಲ್ಲಿ ಯಾವುದು ನಿಜ?

ಚುಟುಕು ಉತ್ತರ: ಕುಡಿತಕ್ಕೆ ದೇಹ ಮತ್ತು ಮನಸ್ಸು ಪೂರ್ತಿ ಅವಲಂಬಿತವಾಗಿದ್ದವರಲ್ಲಿ ಮಿತ ಕುಡಿತ ಉಳಿಯುವುದು ಕಡಿಮೆ. ಅವರಿಗೆ ಪೂರ್ತಿ ಬಿಡುವುದೇ ಸುರಕ್ಷಿತ ದಾರಿ. ಅವಲಂಬನೆಯ ಹಂತ ಮುಟ್ಟದೆ, ಅತಿಯಾಗಿ ಕುಡಿಯುತ್ತಿದ್ದ ಕೆಲವರು ಕಡಿಮೆ ಮಾಡಿ ಹಾಗೆಯೇ ಉಳಿದದ್ದುಂಟು. ಆದ್ದರಿಂದ ‘ಎಷ್ಟು ತಿಂಗಳು ಬಿಟ್ಟಿದ್ದೀರಿ’ ಎಂಬುದಕ್ಕಿಂತ ‘ಬಿಡುವ ಮೊದಲು ಎಷ್ಟು ಆಳಕ್ಕೆ ಹೋಗಿದ್ದಿರಿ’ ಎಂಬ ಪ್ರಶ್ನೆ ಮುಖ್ಯ.

ಅತಿ ಕುಡಿತ ಬೇರೆ, ಅವಲಂಬನೆ ಬೇರೆ

ಮನೋವೈದ್ಯರು ಅವಲಂಬನೆಯನ್ನು ಗುರುತಿಸಲು ಆರು ವಿಷಯ ಕೇಳುತ್ತಾರೆ:

1. ಕುಡಿಯಲೇಬೇಕೆಂಬ ತೀವ್ರ ಸೆಳೆತ ಇದೆಯೇ?
2. ಶುರು ಮಾಡಿದ ಮೇಲೆ ನಿಲ್ಲಿಸಲು ಕಷ್ಟವೇ? ‘ಒಂದು’ ಎಂದು ಕೂತದ್ದು ಕ್ವಾರ್ಟರ್ ಆಗುತ್ತದೆಯೇ?
3. ಕುಡಿಯದಿದ್ದರೆ ಕೈ ನಡುಕ, ಬೆವರು, ನಿದ್ರೆ ಬಾರದಿರುವುದು, ಬೆಳಿಗ್ಗೆಯೇ ಒಂದು ಗುಟುಕು ಬೇಕೆನಿಸುವುದು ಇದೆಯೇ?
4. ಮೊದಲಿನಷ್ಟೇ ಅಮಲಿಗೆ ಈಗ ಹೆಚ್ಚು ಬೇಕೇ?
5. ಕೆಲಸ, ಮನೆ, ಹವ್ಯಾಸ ಹಿಂದೆ ಬಿದ್ದು ಕುಡಿತ ಮುಂದೆ ಬಂದಿದೆಯೇ?
6. ಲಿವರ್, ಸಂಸಾರ, ಹಣ ಹಾಳಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿದಿದೆಯೇ?

ಒಂದು ವರ್ಷದ ಅವಧಿಯಲ್ಲಿ ಇವುಗಳಲ್ಲಿ ಮೂರು ಅಥವಾ ಹೆಚ್ಚು ಒಟ್ಟಿಗೆ ಕಂಡರೆ ಅದು ಅವಲಂಬನೆ. ಇದು ಗಂಡಸರಿಗೆ ಮಾತ್ರ ಬರುವ ಕಾಯಿಲೆಯಲ್ಲ. ಹೆಂಗಸರಲ್ಲಿ ಇದು ಹೆಚ್ಚು ಅಡಗಿರುತ್ತದೆ, ಅಷ್ಟೆ.

‘ಬೋಟಿಗೆ ಹೋದರೆ ಹತ್ತು ದಿನ ಕುಡಿಯುವುದಿಲ್ಲ, ಹಾಗಾಗಿ ನನಗೆ ಚಟವಿಲ್ಲ’ ಎಂಬ ವಾದ ಮಲ್ಪೆಯಂಥ ಬಂದರಿನ ಊರಿಗೆ ಹೊಸದಲ್ಲ. ಸಿಗದ ಜಾಗದಲ್ಲಿ ಕುಡಿಯದಿರುವುದು ಹತೋಟಿಯ ಪರೀಕ್ಷೆಯಲ್ಲ. ದಡಕ್ಕೆ ಬಂದ ಮೊದಲ ರಾತ್ರಿ ಏನಾಗುತ್ತದೆ ಎಂಬುದು ಪರೀಕ್ಷೆ.

ಮೆದುಳು ಮರೆಯುವುದಿಲ್ಲ

ವರ್ಷಗಟ್ಟಲೆ ಕುಡಿದಾಗ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಮದ್ಯ ಮೆದುಳನ್ನು ಮಂದ ಮಾಡುವುದರಿಂದ, ಮೆದುಳು ತನ್ನನ್ನು ಚುರುಕಾಗಿಡುವ ವ್ಯವಸ್ಥೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಮದ್ಯ ತಟ್ಟನೆ ನಿಂತಾಗ ಆ ಹೆಚ್ಚುವರಿ ಚುರುಕು ಹಾಗೇ ಉಳಿಯುತ್ತದೆ. ನಡುಕ, ಬೆವರು, ಫಿಟ್ಸ್ ಬರುವುದು ಇದರಿಂದ. ಈ ಭಾಗ ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಸರಿಹೋಗಲು ತುಂಬ ಕಾಲ ಬೇಕಾಗುವುದು ಇನ್ನೊಂದು ಭಾಗ. ಸಂಜೆ ಏಳು ಗಂಟೆ, ಆ ಬಾರಿನ ಬೋರ್ಡು, ಕರಿದ ಮೀನಿನ ವಾಸನೆ, ಅದೇ ಗೆಳೆಯರು: ಇವೆಲ್ಲ ಮದ್ಯದ ಸುಖಕ್ಕೆ ಗಂಟು ಹಾಕಿಕೊಂಡ ನೆನಪುಗಳು. ತಿಂಗಳುಗಳ ನಂತರವೂ ಇವು ಸೆಳೆತ ಎಬ್ಬಿಸುತ್ತವೆ. ಮೇಲಾಗಿ, ‘ಸಾಕು’ ಎಂದು ನಿಲ್ಲಿಸುವ ವಿವೇಕವನ್ನೇ ಮೊದಲ ಪೆಗ್ ಸಡಿಲಿಸುತ್ತದೆ. ಹೀಗಾಗಿ ಹತ್ತು ವರ್ಷ ತೆಗೆದುಕೊಂಡು ಮುಟ್ಟಿದ ಪ್ರಮಾಣಕ್ಕೆ ಎರಡನೇ ಸಲ ಕೆಲವು ವಾರಗಳಲ್ಲೇ ಹಿಂತಿರುಗುವವರು ಇದ್ದಾರೆ.

ಅಧ್ಯಯನಗಳು ಹೇಳುವುದೇನು?

ಈ ಜಗಳ ಹಳೆಯದು. 1962ರಲ್ಲಿ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯ ಡಿ.ಎಲ್. ಡೇವಿಸ್ ಎಂಬ ಮನೋವೈದ್ಯರು ಒಂದು ವರದಿ ಪ್ರಕಟಿಸಿದರು. ಚಿಕಿತ್ಸೆ ಪಡೆದ 93 ಮಂದಿ ಕುಡಿತದ ರೋಗಿಗಳಲ್ಲಿ 7 ಜನ ವರ್ಷಗಳ ನಂತರ ಸಾಮಾನ್ಯರಂತೆ ಮಿತವಾಗಿ ಕುಡಿಯುತ್ತಿದ್ದಾರೆ ಎಂಬುದು ಅದರ ಸಾರ. ‘ಜೀವನಪೂರ್ತಿ ಮುಟ್ಟಲೇಬಾರದು’ ಎಂಬ ನಿಯಮವನ್ನೇ ಅದು ಅಲುಗಾಡಿಸಿತು.

1985ರಲ್ಲಿ ಗ್ರಿಫಿತ್ ಎಡ್ವರ್ಡ್ಸ್ ಅದೇ ಏಳು ಜನರ ಕತೆಯನ್ನು ಮತ್ತೆ ಹುಡುಕಿ ತೆಗೆದರು. ಐವರಿಗೆ ಡೇವಿಸ್ ಗಮನಿಸುತ್ತಿದ್ದ ಅವಧಿಯಲ್ಲೂ ಆಮೇಲೂ ಕುಡಿತದ ಗಂಭೀರ ತೊಂದರೆಗಳಿದ್ದವು. ಪೂರ್ತಿ ಅವಧಿ ತೊಂದರೆಯಿಲ್ಲದೆ ಕುಡಿದವರು ಇಬ್ಬರೇ. ಆ ಇಬ್ಬರಲ್ಲೂ ಒಬ್ಬರಿಗೆ ತೀವ್ರ ಅವಲಂಬನೆ ಎಂದೂ ಇರಲಿಲ್ಲ. ಕುಡಿತದ ಬಗ್ಗೆ ಜನ ಕೊಡುವ ಲೆಕ್ಕವನ್ನು ಹಾಗೇ ನಂಬಬಾರದು ಎಂಬ ಪಾಠವೂ ಇದರಲ್ಲಿದೆ.

ಇನ್ನೊಂದು ದೊಡ್ಡ ಅಧ್ಯಯನ ಅಮೆರಿಕದ್ದು. ಹಿಂದೆ ಅವಲಂಬನೆಯಿದ್ದು, ಸಮೀಕ್ಷೆಯ ಹೊತ್ತಿಗೆ ಚೇತರಿಸಿಕೊಂಡಿದ್ದವರನ್ನು ಮೂರು ವರ್ಷಗಳ ನಂತರ ಮತ್ತೆ ಮಾತನಾಡಿಸಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಲಕ್ಷಣಗಳಿಲ್ಲದಿದ್ದರೂ ಹೆಚ್ಚು ಕುಡಿಯುತ್ತಿದ್ದವರಲ್ಲಿ ಶೇ 51 ಮಂದಿಗೆ ತೊಂದರೆ ಮರುಕಳಿಸಿತ್ತು. ಮಿತವಾಗಿ ಕುಡಿಯುತ್ತಿದ್ದವರಲ್ಲಿ ಶೇ 27.2. ಪೂರ್ತಿ ಬಿಟ್ಟವರಲ್ಲಿ ಶೇ 7.3.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಮಿತವಾಗಿ ಕುಡಿದವರಲ್ಲಿ ಹೆಚ್ಚಿನವರು ಆ ಮೂರು ವರ್ಷ ಬೀಳಲಿಲ್ಲ, ನಿಜ. ಆದರೆ ಬೀಳುವ ಸಾಧ್ಯತೆ ಪೂರ್ತಿ ಬಿಟ್ಟವರಿಗಿಂತ ಮೂರೂವರೆ ಪಟ್ಟಿಗಿಂತ ಹೆಚ್ಚಿತ್ತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಅಂಥ ದೋಣಿ ಹತ್ತಬೇಕೇ ಎಂಬುದು ಪ್ರಶ್ನೆ.

ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿಯೂ ಇದೇ ಧಾಟಿಯದು. ಅವಲಂಬನೆ ಇದ್ದವರಿಗೆ ಪೂರ್ತಿ ಬಿಡುವುದೇ ಗುರಿ. ಹಾನಿಕರವಾಗಿ ಕುಡಿಯುವ ಅಥವಾ ಅವಲಂಬನೆ ಸೌಮ್ಯವಾಗಿರುವ, ಬೇರೆ ಗಂಭೀರ ಕಾಯಿಲೆಯಿಲ್ಲದ, ಮನೆಯವರ ಆಸರೆಯಿರುವವರಿಗೆ ಮಾತ್ರ ಮಿತ ಕುಡಿತದ ಗುರಿಯನ್ನು ಪರಿಗಣಿಸಬಹುದು.

‘ಮಿತ’ ಎಂದರೆ ಎಷ್ಟು?

ಲೆಕ್ಕ ತಪ್ಪುವುದು ಇಲ್ಲಿ. ಸುಮಾರು 10 ಗ್ರಾಂ ಶುದ್ಧ ಮದ್ಯಸಾರವನ್ನು ಒಂದು ಅಳತೆ ಎಂದುಕೊಳ್ಳೋಣ. ಆಗ:

• 30 ಎಂ.ಎಲ್. ವಿಸ್ಕಿ, ಬ್ರಾಂಡಿ ಅಥವಾ ರಮ್ (ಶೇ 42.8): ಒಂದು ಅಳತೆ.
• 180 ಎಂ.ಎಲ್. ಕ್ವಾರ್ಟರ್: ಆರು ಅಳತೆ.
• 650 ಎಂ.ಎಲ್. ಬಿಯರ್ (ಶೇ 5): ಎರಡೂವರೆ ಅಳತೆ.
• 650 ಎಂ.ಎಲ್. ಸ್ಟ್ರಾಂಗ್ ಬಿಯರ್ (ಶೇ 8): ನಾಲ್ಕು ಅಳತೆ.

ಅಂದರೆ ‘ನಾನೀಗ ಹಾಟ್ ಬಿಟ್ಟಿದ್ದೇನೆ, ಒಂದು ಸ್ಟ್ರಾಂಗ್ ಬಿಯರ್ ಮಾತ್ರ’ ಎನ್ನುವವರು ನಾಲ್ಕು ಸಣ್ಣ ಪೆಗ್ ಕುಡಿದಂತಾಯಿತು.

ಫಾರ್ವರ್ಡ್‌ಗಳು ಮತ್ತು ವಾಸ್ತವ

‘ಕಳ್ಳು ಮದ್ಯವಲ್ಲ, ದೇಹಕ್ಕೆ ತಂಪು.’ ತಪ್ಪು. ಮರದಿಂದ ಇಳಿಸಿದ ರಸ ತಾನಾಗಿಯೇ ಹುಳಿಯಲು ಶುರುವಾಗುತ್ತದೆ. ಗಂಟೆಗಳು ಕಳೆದಂತೆ ಅದರಲ್ಲಿ ಬಿಯರ್‌ಗೆ ಹತ್ತಿರದ ಮದ್ಯಸಾರ ಸೇರುತ್ತದೆ. ಸೇವೆಗೆ ಇಟ್ಟ ಕಳ್ಳನ್ನು ಪ್ರಸಾದವೆಂದು ಕೊಟ್ಟರೆ ಕಣ್ಣಿಗೊತ್ತಿಕೊಂಡು ಮುಂದಿನವರಿಗೆ ದಾಟಿಸಬಹುದು. ಭಕ್ತಿಗೆ ಕುಂದಿಲ್ಲ.

‘ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ.’ ಇದರಲ್ಲಿ ಸತ್ಯವಿದೆ. ದಿನವೂ ಹೆಚ್ಚು ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಇಲ್ಲದ ಜನ, ಹುಳ ಕಾಣುವುದು, ದಿಕ್ಕು ತಪ್ಪಿದ ಮಾತು, ಜ್ವರ, ಜೋರು ಎದೆಬಡಿತ ಬರಬಹುದು. ಇದನ್ನು ಸೋಂಕು, ಗಾಳಿ ಎಂದು ಮನೆಯಲ್ಲಿಟ್ಟುಕೊಳ್ಳಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಆದರೆ ಇದು ‘ಬಿಡಬಾರದು’ ಎನ್ನಲು ಕಾರಣವಲ್ಲ, ವೈದ್ಯರ ನೆರವಿನಲ್ಲಿ ಬಿಡಬೇಕು ಎನ್ನಲು ಕಾರಣ.

‘ಗೊತ್ತಾಗದ ಹಾಗೆ ಸಾರಿನಲ್ಲಿ ಈ ಪುಡಿ ಬೆರೆಸಿ, ಕುಡಿತ ಬಿಡಿಸಿ.’ ಅಪಾಯಕಾರಿ. ಇಂಥ ಪುಡಿಯಲ್ಲಿ ಏನಿದೆ ಎಂದು ಮನೆಯವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆ ತಿಂದವರು ಮದ್ಯ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿದು, ರಕ್ತದೊತ್ತಡ ಕುಸಿದು ಸಾವೂ ಆಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪರಿಣಾಮ ಉಳಿಯಬಹುದು. ರೋಗಿಗೆ ತಿಳಿಸಿ, ಅವರ ಒಪ್ಪಿಗೆಯಿಂದ, ವೈದ್ಯರು ಮಾತ್ರ ಕೊಡಬೇಕಾದ ಔಷಧಿ ಅದು. ಸೆಳೆತ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಬೇರೆ ಔಷಧಿಗಳೂ ಇವೆ.

‘ದಿನಕ್ಕೊಂದು ಪೆಗ್ ಹೃದಯಕ್ಕೆ ಒಳ್ಳೆಯದು.’ ನಂಬಬೇಡಿ. ಹಳೆಯ ಅನೇಕ ಅಧ್ಯಯನಗಳಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ‘ಕುಡಿಯದವರ’ ಗುಂಪಿನಲ್ಲಿ ಸೇರಿದ್ದರು. ಹಾಗಾಗಿ ಮಿತವಾಗಿ ಕುಡಿಯುವವರು ಅವರಿಗಿಂತ ಆರೋಗ್ಯವಂತರಾಗಿ ಕಂಡರು. ಮದ್ಯ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಹೇಳಿದೆ. ಯಾವ ಪ್ರಮಾಣದ ಕುಡಿತವೂ ಪೂರ್ತಿ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

‘ಶಿಬಿರಕ್ಕೆ ಹೋಗಿ ಬಂದರೆ ಮುಗಿಯಿತು.’ ಅರ್ಧ ಸತ್ಯ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಕರಾವಳಿಗೆ ಚಿರಪರಿಚಿತ. ಸಾಮಾನ್ಯವಾಗಿ ಎಂಟು ದಿನದ ಶಿಬಿರ ಮದ್ಯವಿಲ್ಲದ ಮೊದಲ ವಾರವನ್ನು ಎಲ್ಲರೊಟ್ಟಿಗೆ ದಾಟಿಸುತ್ತದೆ. ಆದರೆ ಒಂಬತ್ತನೇ ದಿನ ಅದೇ ಊರು, ಅದೇ ದಾರಿ, ಅದೇ ಗೆಳೆಯರು. ಅದಕ್ಕಾಗಿಯೇ ಶಿಬಿರದಿಂದ ಬಂದವರ ನವಜೀವನ ಸಮಿತಿಗಳಿವೆ. ಆ ಸಭೆಗಳನ್ನು ತಪ್ಪಿಸಬೇಡಿ.

‘ಒಂದು ಹನಿ ಮುಟ್ಟಿದರೆ ಎಲ್ಲ ಮುಗಿಯಿತು.’ ಇದೂ ಹಾನಿಕರ. ಒಮ್ಮೆ ಜಾರುವುದು ಬೇರೆ, ಪೂರ್ತಿ ಬೀಳುವುದು ಬೇರೆ. ‘ಹೇಗೂ ವ್ರತ ಕೆಟ್ಟಿತು, ಇನ್ನು ಸುಖವಾದರೂ ಪಡೋಣ’ ಎಂಬ ಯೋಚನೆಯೇ ಒಂದು ಪೆಗ್ಗನ್ನು ಒಂದು ವಾರದ ಕುಡಿತ ಮಾಡುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ವಿವರಿಸಿದ್ದಾರೆ. ಜಾರಿದರೆ ಅಲ್ಲಿಗೇ ನಿಲ್ಲಿಸಿ, ನಂಬಿಕೆಯ ಒಬ್ಬರಿಗೆ ಅದೇ ದಿನ ಹೇಳಿ, ವೈದ್ಯರನ್ನು ಕಾಣಿ. ಎಂಟು ತಿಂಗಳು ಕುಡಿಯದೆ ಗಳಿಸಿದ್ದು ಒಂದು ರಾತ್ರಿಗೆ ಅಳಿಸಿಹೋಗುವುದಿಲ್ಲ.

ಯಾರು ಪ್ರಯತ್ನವನ್ನೂ ಮಾಡಬಾರದು?

ಹಿಂದೆ ನಿಲ್ಲಿಸಿದಾಗ ಫಿಟ್ಸ್ ಅಥವಾ ಭ್ರಮೆ ಬಂದಿದ್ದವರು, ಲಿವರ್ ಅಥವಾ ಮೇದೋಜೀರಕ ಗ್ರಂಥಿಯ ಕಾಯಿಲೆಯಿರುವವರು, ಗರ್ಭಿಣಿಯರು, ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು, ಡೈಸಲ್ಫಿರಾಮ್ ಸೇವಿಸುತ್ತಿರುವವರು, ‘ಇನ್ನು ಮಿತವಾಗಿ’ ಎಂದು ಈಗಾಗಲೇ ಹಲವು ಸಲ ಪ್ರಯತ್ನಿಸಿ ಸೋತವರು. ಇವರಿಗೆ ಮಿತ ಕುಡಿತದ ಪ್ರಯೋಗ ಬೇಡವೇ ಬೇಡ.

ಉಳಿದವರೂ ಇದನ್ನು ಮೆಹಂದಿಯ ಹಿತ್ತಲಲ್ಲಿ ತೀರ್ಮಾನಿಸಬಾರದು. ವೈದ್ಯರ ಮುಂದೆ ಕೂತು, ಎಷ್ಟು, ವಾರಕ್ಕೆ ಎಷ್ಟು ದಿನ, ಮಿತಿ ದಾಟಿದರೆ ಮುಂದೇನು ಎಂದು ಬರೆದಿಟ್ಟುಕೊಂಡು, ಮನೆಯವರಿಗೂ ತಿಳಿಸಬೇಕು. ಮಿತಿ ಒಂದೆರಡು ಸಲ ದಾಟಿತೆಂದರೆ ಉತ್ತರ ಸಿಕ್ಕಿತು ಎಂದೇ ಅರ್ಥ.

ಇಲ್ಲಿ ಎಲ್ಲಿಗೆ ಹೋಗಬಹುದು?

ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋರೋಗ ವಿಭಾಗ ಹತ್ತಿರದಲ್ಲೇ ಇವೆ. ಕಾರ್ಕಳದವರು ತಾಲೂಕು ಆಸ್ಪತ್ರೆಯಲ್ಲಿ, ಕಾಪುವಿನವರು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವಾಗ ಸಿಗುತ್ತಾರೆಂದು ವಿಚಾರಿಸಬಹುದು. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮನಸ್ ಉಚಿತ ಸಹಾಯವಾಣಿ 14416, ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಗೆಳೆಯರಿಗೆ ಒಂದು ಮಾತು

ಕುಡಿತ ಬಿಟ್ಟವರು ನಿಮ್ಮ ಅಂಗಳಕ್ಕೆ ಬಂದರೆ ‘ಯಾಕೆ ಬಿಟ್ಟೆ’ ಎಂದು ಕೇಳಬೇಡಿ, ಒತ್ತಾಯ ಮಾಡಬೇಡಿ. ಕೇಳುವ ಮೊದಲೇ ಒಂದು ಗ್ಲಾಸು ಪುನರ್ಪುಳಿ ಶರಬತ್ತು ಕೈಗೆ ಕೊಡಿ. ಕೈಯಲ್ಲಿ ಗ್ಲಾಸು ಇದ್ದವರಿಗೆ ಇನ್ನೊಬ್ಬರು ಒತ್ತಾಯ ಮಾಡುವುದು ಕಡಿಮೆ. ಬಿಟ್ಟವರು ಹೇಳಬೇಕಾದ ಉತ್ತರವೂ ಉದ್ದ ಬೇಡ: ‘ನನಗೆ ಆಗುವುದಿಲ್ಲ, ಬೇಡ.’ ಊಟ ಮುಗಿಸಿ, ಮದುಮಗಳಿಗೆ ಹಾರೈಸಿ, ಬಾಟಲಿ ಹೊರಬರುವ ಮೊದಲೇ ಮನೆಗೆ ಹೊರಟರೂ ಯಾರಿಗೂ ಅವಮಾನವಲ್ಲ.

ಈ ಬರಹವನ್ನು ಫಾರ್ವರ್ಡ್ ಮಾಡುವುದಿದ್ದರೆ ಕುಡಿತ ಬಿಟ್ಟವರಿಗಿಂತ ಮೊದಲು ಅವರಿಗೆ ಗ್ಲಾಸು ಕೊಡುವ ಗೆಳೆಯರಿಗೆ ಕಳಿಸಿ.