ಏರುಮಡಿಯ ಅಂಚಿಗೆ ಬಂದ ವಿಷದ ಮರ

ಕಳೆದ ಮಳೆಗಾಲಕ್ಕೆ ಮೊದಲು ನಮ್ಮ ಹಿತ್ತಲಲ್ಲಿ ಹರಿವೆ, ಬಸಳೆಗೆಂದು ಏರುಮಡಿ ಮಾಡಲು ಹೊರಟೆವು. ಮಳೆಗೆ ಮಣ್ಣು ಜಾರಬಾರದಲ್ಲ, ಸುತ್ತ ಏನಾದರೂ ಕಟ್ಟು ಬೇಕು. ಗುಜರಿಯಲ್ಲಿ ಹಳೆಯ ರೈಲ್ವೆ ಸ್ಲೀಪರ್ ಸಿಕ್ಕವು. ಗಟ್ಟಿ, ಅಗ್ಗ, ಗೆದ್ದಲು ಮುಟ್ಟಿಲ್ಲ. ಆದರೆ ಬಿಸಿಲೇರಿದಂತೆ ಗಪ್ಪೆಂದು ಟಾರಿನ ವಾಸನೆ. ಅಷ್ಟು ವರ್ಷ ಮಣ್ಣಲ್ಲಿದ್ದ ಮರವನ್ನು ಗೆದ್ದಲು ಯಾಕೆ ಬಿಟ್ಟಿತು ಎಂದು ಹುಡುಕುತ್ತಾ ಹೋದೆವು.

ಆ ವಾಸನೆ ಕ್ರಿಯೊಸೋಟ್‌ನದು. ಕಲ್ಲಿದ್ದಲ ಟಾರಿನಿಂದ ತೆಗೆದ ಈ ಎಣ್ಣೆಯನ್ನು ಒತ್ತಡ ಹಾಕಿ ಮರಕ್ಕೆ ಕುಡಿಸುವ ವಿಧಾನಕ್ಕೆ 1838ರಲ್ಲಿ ಇಂಗ್ಲೆಂಡಿನ ಜಾನ್ ಬೆತೆಲ್ ಪೇಟೆಂಟ್ ಪಡೆದ. ಹಳಿಗೆ ಅದು ವರವಾಯಿತು. ಆದರೆ ಅದರಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿವೆ, ಸೊಪ್ಪಿನ ಮಡಿಗೆ ತಕ್ಕದ್ದಲ್ಲ.

ಇನ್ನೊಂದು ಕಥೆ ನಮ್ಮ ದೇಶದ್ದೇ. 1933ರಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಮ್ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಹೊಸ ಮದ್ದು ಮಾಡಿದರು. ತಾಮ್ರ ಬೂಷ್ಟನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು ಕೊಲ್ಲುತ್ತದೆ, ಕ್ರೋಮಿಯಂ ಎರಡನ್ನೂ ಮರಕ್ಕೆ ಅಂಟಿಸಿ ಹಿಡಿಯುತ್ತದೆ. ಬುದ್ಧಿವಂತಿಕೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅವರು ಯೋಚಿಸಿದ್ದು ಗೆದ್ದಲ ವಿಷಯ, ಬಸಳೆಯದ್ದಲ್ಲ.

ಆ ಮದ್ದು ಕಡಲು ದಾಟಿತು. ಅಮೆರಿಕದಲ್ಲಿ ಕಂಬಗಳಿಗೆ, ಆಮೇಲೆ ಮನೆಯ ಜಗಲಿಗೆ, ಮಕ್ಕಳ ಉಯ್ಯಾಲೆಗೆ, ತರಕಾರಿ ಮಡಿಯ ಅಂಚಿಗೂ ಹಸಿರು ಛಾಯೆಯ ಆ ಹಲಗೆಗಳು ಬಂದವು. ಅಂಟಿಸಿ ಹಿಡಿದಿದ್ದರೂ ಆರ್ಸೆನಿಕ್ ಸ್ವಲ್ಪಸ್ವಲ್ಪವೇ ಮಣ್ಣಿಗೆ ಇಳಿಯುತ್ತಿತ್ತು, ಹಲಗೆಗೆ ಹತ್ತಿರವಿದ್ದಷ್ಟೂ ಹೆಚ್ಚು. ಕೊನೆಗೆ 2003ರ ಕೊನೆಯಲ್ಲಿ ಅಲ್ಲಿನ ತಯಾರಕರು ಮನೆ ಬಳಕೆಯ ಹೆಚ್ಚಿನ ಮರಕ್ಕೆ ಈ ಮದ್ದು ಹಾಕುವುದನ್ನು ನಿಲ್ಲಿಸಿದರು. ಹಳೆಯ ಹಲಗೆಗಳು ಮಾತ್ರ ಇದ್ದಲ್ಲೇ ಉಳಿದವು.

ನಮ್ಮ ಕಡೆ ಅಂಚಿಗೆ ಕಲ್ಲು ಮೊದಲಿನಿಂದಲೂ ಇತ್ತು. ಬಯಲುಸೀಮೆಯವರಿಗೆ ಚಪ್ಪಡಿ, ಕರಾವಳಿಯವರಿಗೆ ಮುರಕಲ್ಲು. ನೆಲದಲ್ಲಿದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. 1800-01ರಲ್ಲಿ ಮೈಸೂರು, ಮಲಬಾರ್, ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಮಲಬಾರಿನ ಅಂಗಡಿಪುರದಲ್ಲಿ ಕಂಡು, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ 'ಲ್ಯಾಟರೈಟ್' ಎಂದು ಕರೆದ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಪದದಿಂದ ಬಂದ ಹೆಸರು. ಇಲ್ಲಿಯವರು ಅದನ್ನು ಇಟ್ಟಿಗೆಯಂತೆ ಕಡಿಯುತ್ತಿದ್ದುದನ್ನು ನೋಡಿಯೇ ಇಟ್ಟ ಹೆಸರು ಎನ್ನಿ. ಮುಂದೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಯಿತು. ಮನೆ ಕೆಡವಿದಾಗ ಸಿಗುವ ಹೆಂಚನ್ನು ಅರ್ಧ ಹೂತು ನಿಲ್ಲಿಸಿದರೆ ಅದೂ ಒಳ್ಳೆಯ ಅಂಚೇ. ಸಿಮೆಂಟ್ ಶೀಟಿನ ಚೂರು ಮಾತ್ರ ಬೇಡ. ಹಳೆಯವುಗಳಲ್ಲಿ ಕಲ್ನಾರು ಇರುತ್ತದೆ, ಒಡೆದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ.

ನಾವು ಕೊನೆಗೆ ಮುರಕಲ್ಲನ್ನೇ ಜೋಡಿಸಿದೆವು. ಸ್ಲೀಪರ್‌ಗಳು ಇನ್ನೂ ಬೇಲಿ ಮೂಲೆಯಲ್ಲಿ ಬಿದ್ದಿವೆ. ಸುಟ್ಟರೆ ಹೊಗೆಯೂ ವಿಷ, ಹಾಗಾಗಿ ಬಚ್ಚಲ ಒಲೆಗೂ ಹಾಕುವಂತಿಲ್ಲ.