ನೀರು ತಿಳಿಯಾದರೆ ಸಾಕಾ?

ಹಾರವಾಡದಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ಕಂತು ಪಾಚಿಯ ಬಗ್ಗೆ. ಬಟ್ಟೆಗೆ ಬಣ್ಣ ಹಾಕಿ ಹೊರಬಿಟ್ಟ ನೀರನ್ನು ಪಾಚಿ ಮತ್ತು ಬ್ಯಾಕ್ಟೀರಿಯಾ ಸೇರಿ ಶುದ್ಧ ಮಾಡುವ ವಿಧಾನದ ಇತಿಹಾಸ ಇದು.

1856ರಲ್ಲಿ ಲಂಡನ್ನಿನ 18 ವರ್ಷದ ವಿಲಿಯಂ ಪರ್ಕಿನ್ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ಎರಡು ವರ್ಷದ ನಂತರ ಪೀಟರ್ ಗ್ರೀಸ್ ಕಂಡುಹಿಡಿದ ರಾಸಾಯನಿಕ ಕ್ರಿಯೆಯಿಂದ ಮುಂದೆ ಅಜೋ ಬಣ್ಣಗಳು ಬಂದವು. ಎರಡು ಸಾರಜನಕ ಪರಮಾಣುಗಳ ಗಂಟು ಅವುಗಳ ಗುರುತು. ಬಿಸಿಲಿಗೂ ಸಾಬೂನಿಗೂ ಹೋಗದ ಬಣ್ಣ ಬೇಕು ಅಂತ ಕೇಳಿದವರು ನಾವೇ. ಅಂಥ ಬಣ್ಣ ಹೊಳೆ ಸೇರಿದರೂ ಸುಲಭಕ್ಕೆ ಹೋಗೋದಿಲ್ಲ.

1914ರಲ್ಲಿ ಹತ್ತಿಗಿರಣಿಗಳ ಊರಾದ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್, ಕೊಳಚೆ ನೀರಿಗೆ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುವ ವಿಧಾನ ತೋರಿಸಿದರು. ಕೆಲಸ ಚೆನ್ನಾಗಿ ಆಗುತ್ತೆ, ಕರೆಂಟ್ ಬಿಲ್ ಮಾತ್ರ ದೊಡ್ಡದು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಆಸ್ವಾಲ್ಡ್ ಮತ್ತು ಹೆರಾಲ್ಡ್ ಗೋಟಾಸ್ ಆ ಗಾಳಿಯ ಕೆಲಸವನ್ನು ಪಾಚಿಗೆ ವಹಿಸುವ ಕೊಳಗಳನ್ನು ಅಧ್ಯಯನ ಮಾಡಿದರು. ಪಾಚಿ ಬಿಸಿಲಲ್ಲಿ ಆಮ್ಲಜನಕ ಬಿಡುತ್ತೆ. ಬ್ಯಾಕ್ಟೀರಿಯಾ ಅದನ್ನು ಬಳಸಿ ಕೊಳೆ ತಿಂದು, ಪಾಚಿಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಕೊಡುತ್ತೆ. ಬಿಕಾಂ ಓದಿದ ನನಗೆ ಇದು ಖಾತೆ ಪುಸ್ತಕದ ಹಾಗೇ ಕಾಣುತ್ತೆ: ಒಬ್ಬರ ಖರ್ಚು ಇನ್ನೊಬ್ಬರ ಜಮಾ.

ಬಣ್ಣದ ನೀರಲ್ಲಿ ಮಾತ್ರ ಒಂದು ತೊಡಕಿದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆ ಅಜೋ ಗಂಟನ್ನು ಕತ್ತರಿಸುತ್ತವೆ. ಬಣ್ಣ ಮಾಯ, ನೀರು ತಿಳಿ. ಆದರೆ ಕತ್ತರಿಸಿದ ತುಂಡುಗಳು, ಅಂದರೆ ಅಮೈನುಗಳು, ಅಲ್ಲೇ ಉಳಿಯುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಅವನ್ನು ಒಡೆಯೋದಕ್ಕೆ ಸಾಮಾನ್ಯವಾಗಿ ಆಮ್ಲಜನಕ ಬೇಕು. ಪಾಚಿ ಉಪಯೋಗಕ್ಕೆ ಬರೋದು ಇಲ್ಲೇ. ಅದಕ್ಕೇ ಮೊದಲು ಮುಚ್ಚಿದ ತೊಟ್ಟಿ, ಆಮೇಲೆ ಪಾಚಿ ಕೊಳ. ಕಡುಬಣ್ಣದ ನೀರಿನೊಳಗೆ ಬಿಸಿಲು ಇಳಿಯೋದಿಲ್ಲ, ಹಾಗಾಗಿ ಈ ಕ್ರಮ ತಿರುಗಿಸಿದರೆ ಪಾಚಿ ಬೆಳೆಯೋದು ಕಷ್ಟ.

ಇಷ್ಟಾದರೂ ಉಪ್ಪು ಉಳಿಯುತ್ತೆ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಹತ್ತಿಗೆ ಹಿಡಿಯಬೇಕಾದರೆ ರಾಶಿ ಉಪ್ಪು ಬೇಕು. ಅದನ್ನು ತಿಂದು ಇಲ್ಲವಾಗಿಸುವ ಜೀವಿ ಯಾವುದೂ ಇಲ್ಲ. ಕಾವೇರಿಯ ಉಪನದಿ ನೊಯ್ಯಲ್ ಕೆಟ್ಟಿದ್ದು ತಿರುಪ್ಪೂರಿನ ಬಣ್ಣದ ಜೊತೆ ಈ ಉಪ್ಪಿನಿಂದಲೂ. ನದಿದಂಡೆಯ ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ನೂರಾರು ಬಣ್ಣದ ಘಟಕಗಳು ಬಾಗಿಲು ಹಾಕಿದವು. ರೈತನಿಗೆ ನೀರು ಹೋಯ್ತು, ಕಾರ್ಮಿಕನಿಗೆ ಕೂಲಿ ಹೋಯ್ತು.

ನಮ್ಮ ಪಕ್ಕದ ಸಾಣಿಕಟ್ಟಾ ಆಗರದಲ್ಲಿ ನೀರನ್ನೂ ಉಪ್ಪನ್ನೂ ಬೇರೆ ಮಾಡುವವನು ಸೂರ್ಯ, ಪುಕ್ಕಟೆ. ಕಾರ್ಖಾನೆಯಲ್ಲಿ ಅದೇ ಕೆಲಸಕ್ಕೆ ಪೊರೆಯ ಶೋಧಕ ಬೇಕು, ಬಾಯ್ಲರ್ ಬೇಕು, ಇಂಧನ ಬೇಕು. ಪಾಚಿ ಕೊಳ ಆ ಖರ್ಚನ್ನು ಇಲ್ಲವಾಗಿಸೋದಿಲ್ಲ. ಅದಕ್ಕೂ ಮುಂಚಿನ ಕೆಲಸವನ್ನು ಅಗ್ಗ ಮಾಡಬಲ್ಲದು, ಅಷ್ಟೇ.

ಇಳಕಲ್ಲು, ರಬಕವಿ-ಬನಹಟ್ಟಿ, ದೊಡ್ಡಬಳ್ಳಾಪುರ: ನಮ್ಮಲ್ಲೂ ಮಗ್ಗದ ಊರುಗಳಿವೆ. ನಾಳೆ ಯಾರಾದರೂ "ನೀರು ತಿಳಿಯಾಗಿದೆ ನೋಡಿ" ಅಂತ ಲೋಟ ಎತ್ತಿ ತೋರಿಸಿದರೆ ಎರಡೇ ಪ್ರಶ್ನೆ ಕೇಳಿ. ಅಮೈನ್ ಎಷ್ಟಿದೆ? ಉಪ್ಪು ಎಷ್ಟಿದೆ?