ವಿರೂಪಾಕ್ಷನ ಸನ್ನಿಧಿಯಲ್ಲಿ ಪೃಥ್ವೀಸೆಟ್ಟಿತನ

ವಿಜಯನಗರದ ಚರಿತ್ರೆಯೆಂದರೆ ಅರಸರ ಮತ್ತು ದಂಡನಾಯಕರ ಚರಿತ್ರೆಯೆಂದೇ ಬಹುಮಟ್ಟಿಗೆ ಭಾವಿಸಲ್ಪಟ್ಟಿರುವುದು. ಆದರೆ ಅರಸನ ನೇಮಕವಿಲ್ಲದೆ ಜನರು ತಾವಾಗಿಯೇ ಕೂಡಿ ಕಟ್ಟಿಕೊಂಡ ಸಂಘಗಳೂ ಆ ಕಾಲದಲ್ಲಿ ಪ್ರಬಲವಾಗಿದ್ದುವು. ಇಂತಹ ಸಂಘಗಳಲ್ಲಿ ಅಧಿಕಾರವು ಎಲ್ಲಿಂದ ಹುಟ್ಟುತ್ತಿದ್ದಿತು, ಅದಕ್ಕೆ ಮೇರೆ ಯಾವುದು ಎಂಬುದನ್ನು ಎರಡು ಶಾಸನಗಳಿಂದ ತಿಳಿಯಬಹುದು.

ಮೊದಲನೆಯದು ಕ್ರಿ. ಶ. 1368ರ ಶ್ರವಣಬೆಳಗೊಳದ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಲು, ಹಂಪೆಯ ಆಚೆದಡದ ಆನೆಗೊಂದಿ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಭವ್ಯಜನರು ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅರಸನು ತೀರ್ಪಿತ್ತನು. ಆದರೆ ತೀರ್ಪನ್ನು ನಡೆಯಿಸಿಕೊಂಡು ಬರುವ ಹೊಣೆಯು ಸಮುದಾಯಗಳ ಮೇಲೆಯೇ ಬಿದ್ದಿತು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ 1 ಹಣವನ್ನು ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನಿಟ್ಟು, ಉಳಿದುದನ್ನು ಜೀರ್ಣ ಜಿನಾಲಯಗಳಿಗೆ ವಿನಿಯೋಗಿಸತಕ್ಕದ್ದು. ಹಣವು ಜೈನರದು, ಅದನ್ನು ವೆಚ್ಚಮಾಡುವವನು ವೈಷ್ಣವನು! ಕಟ್ಟಳೆಯನ್ನು ಮೀರಿದವನು ರಾಜದ್ರೋಹಿಯು ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯು. ಈ ಕಾರ್ಯಕ್ಕೆ ಮುಂದಾದ ಕಲ್ಲೆಹದ ಬುಸುವಿಸೆಟ್ಟಿಗೆ ಎರಡು ಸಮಯದವರೂ ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರು.

ಎರಡನೆಯದು ಕ್ರಿ. ಶ. 1382ರ ಬೇಲೂರಿನ ಶಾಸನ. ಪೆನುಗೊಂಡೆ, ಬಾರಕೂರು, ಅಣ್ಣಿಗೆರೆ ಮೊದಲಾದ ಪಟ್ಟಣಗಳ ಸಾಲುಮೂಲೆಯ ಬಣಂಜಿಗರು, ವಿಜಯನಗರದ ವಿರೂಪಾಕ್ಷದೇವರ ಸನ್ನಿಧಿಯಲ್ಲಿ ವಜ್ರವೈಸಣಿಗೆಯನ್ನಿಕ್ಕಿ, ಮುದ್ದಯ್ಯ ದಂಡನಾಯಕನಿಗೆ ಪೃಥ್ವೀಸೆಟ್ಟಿತನವನ್ನು ಕೊಟ್ಟರು. ದೂರದೂರದ ಊರುಗಳ ವರ್ತಕರನ್ನು ಒಂದುಗೂಡಿಸಿದುದು ಸೈನ್ಯಬಲವಲ್ಲ. ತಾವೇ ಒಪ್ಪಿಕೊಂಡ ಬಣಂಜುಧರ್ಮ.

ಇವೆರಡಕ್ಕೂ ಸಾಮ್ಯವಿದ್ದರೂ ಒಂದು ಮುಖ್ಯ ಭೇದವುಂಟು. ಬುಸುವಿಸೆಟ್ಟಿಯು ಸಮುದಾಯದೊಳಗಿನಿಂದಲೇ ಎದ್ದುಬಂದ ನಾಯಕನು. ಮುದ್ದಯ್ಯನಾದರೋ ಅದಾಗಲೇ ಅರಸನ ಅಧಿಕಾರಿಯಾಗಿದ್ದವನು. ವರ್ತಕರು ಕೊಟ್ಟ ಹಿರಿತನವೂ ಅರಸನು ಕೊಟ್ಟ ಪದವಿಯೂ ಒಂದೇ ಕೈಯಲ್ಲಿ ಸೇರಿದಾಗ, ಮನ್ನಣೆ ಯಾವುದು, ಅಂಜಿಕೆ ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ಹಾಗಿದ್ದರೂ ಆ ಹಿರಿತನವನ್ನು ಕೊಟ್ಟವರು ತಾವೆಂಬುದನ್ನು ವರ್ತಕರು ಕಲ್ಲಿನ ಮೇಲೆ ಬರೆಯಿಸಿದುದು ಗಮನಾರ್ಹವಾದುದು. ಸಂಬಳವಿಲ್ಲದೆ, ಸ್ವಇಚ್ಛೆಯಿಂದ ನಡೆಯುವ ಸಂಘಗಳು ಇಂದಿಗೂ ಹಲವಿರುವುವು. ಅವುಗಳಲ್ಲಿ ಅಧಿಕಾರವು ಯಾರಿಂದ ಬಂದಿತು, ಯಾವ ಕಾರ್ಯಕ್ಕಾಗಿ ಬಂದಿತು ಎಂಬುದು ಎಲ್ಲರ ಕಣ್ಣಿಗೂ ಕಾಣುವಂತಿದ್ದರೆ ಮಾತ್ರವೇ ಅದು ಹಿರಿತನವಾಗಿ ಉಳಿಯುವುದು; ಇಲ್ಲದಿದ್ದರೆ ಒಡೆತನವಾಗಿ ಪರಿಣಮಿಸುವುದು.